ಮುಖಕ್ಕೆ ಮುಖ ಇಟ್ಟ ಎರಡು ಕಾರ್ಡು

“ಅಲ್ಲಿ ಕೂತ್ಕೋಬೇಡಿ ಮೇಡಂ,” ಎಂದಳು ಹುಡುಗಿ.

ಅಷ್ಟು ಹೊತ್ತಿಗೆ ಅತ್ತಿಗೆ ಕೂತಾಗಿತ್ತು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ಅದು. ಕಳೆದ ವಾರ ಹುಡುಗಿಯ ತಾಯಿ ಪ್ರಾಣ ಬಿಟ್ಟದ್ದು ಅದರ ಮೇಲೆಯೇ. ನನ್ನನ್ನು ಕೈಕಾಲು ಹಿಡಿದು ಎತ್ತಿ ಕೂರಿಸಿದರೂ ನಾನು ಅದರಲ್ಲಿ ಕೂರುವವನಲ್ಲ. ಅತ್ತಿಗೆಯೋ, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವರ ಹಾಗೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಒರಗಿದ್ದರು.

“ಇಲ್ಲಿ ಕೂತ್ರೆ ತಾನೇ ನಿಮ್ಮಮ್ಮನಿಗೆ ಏನು ಕಾಣ್ತಿತ್ತು ಅಂತ ಗೊತ್ತಾಗೋದು? ನೀನು ಎದುರಿನ ಕುರ್ಚೀಲಿ ಕೂತ್ಕೋ, ಭವಿಷ್ಯ ಕೇಳೋಕೆ ಬಂದೋರು ಕೂರ್ತಿದ್ರಲ್ಲ, ಅಲ್ಲಿ. ಏನಪ್ಪಾ ಮೈದುನ, ನೀನ್ಯಾಕೆ ಬಾಗಿಲಲ್ಲೇ ನಿಂತೆ? ನಿನ್ನನ್ನ ಯಾರೂ ತಿನ್ನಲ್ಲ, ಒಳಗೆ ಬಾ.”

ಬಂದೆ. ಬರದೆ ಗತಿಯಿಲ್ಲ. ಅತ್ತಿಗೆ ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ ಹತ್ತಿ ಸಾಕಾಗಿ ಕೆಲಸ ಬಿಟ್ಟವರು. ಚಟ ಮಾತ್ರ ಬಿಟ್ಟಿಲ್ಲ. ಅವರ ಸ್ಕೂಟರು ಕೆಟ್ಟಾಗಲೆಲ್ಲ ಚಿತ್ರಗಳಿಗೆ ಕಟ್ಟು ಹಾಕುವ ನನ್ನ ಅಂಗಡಿಯ ಬಾಗಿಲು ಎಳೆದು ನಾನು ಕಾರು ತೆಗೆಯಬೇಕು. ಸ್ಕೂಟರು ಆಗಾಗ ಕೆಡುತ್ತದೆ. ಅಣ್ಣನಿಗೆ ಈ ಕೆಲಸ ಹೇಳುವ ಧೈರ್ಯ ಅವರಿಗೂ ಇಲ್ಲ.

ಬೀದಿಯವರೆಲ್ಲ ‘ಕಾರ್ಡಮ್ಮ’ ಎಂದು ಕರೆಯುತ್ತಿದ್ದ ಈ ತಾಯಿ, ಟ್ಯಾರೋ ಎಂಬ ಚಿತ್ರದ ಕಾರ್ಡು ಹಾಕಿ ಭವಿಷ್ಯ ಹೇಳುತ್ತಿದ್ದವಳು, ಚಹಾದಲ್ಲಿ ನಿದ್ದೆಮಾತ್ರೆ ಬೆರೆಸಿಕೊಂಡು ಸತ್ತಳು ಎಂದು ಇನ್‌ಸ್ಪೆಕ್ಟರ್ ತೀರ್ಮಾನಿಸಿದ್ದರು. ಅವಳ ಮುಂದೆ ಮೇಜಿನ ಮೇಲೆ ಪ್ರೇಮಿಗಳ ಕಾರ್ಡು, ಸಾವಿನ ಕಾರ್ಡು ಅಕ್ಕಪಕ್ಕ ಇದ್ದದ್ದೇ ಅವರಿಗೆ ಸಾಕಾಗಿತ್ತು. ಸಾಯುವವಳು ಬರೆದಿಟ್ಟ ಚೀಟಿ ಬೇರೆ ಯಾಕೆ ಬೇಕು ಎಂದಿದ್ದರಂತೆ.

ಮಗಳಿಗೂ ಹಾಗೇ ಅನ್ನಿಸಿತ್ತು. ಅವಳ ಮದುವೆ ಕನ್ನಡಕದ ಅಂಗಡಿಯವನ ಜೊತೆ ಗೊತ್ತಾಗಿತ್ತು. ತಾಯಿ ಸಾಯುವ ಹಿಂದಿನ ದಿನ ಅದೇ ವಿಷಯಕ್ಕೆ ಜಗಳವೂ ಆಗಿತ್ತು. ಪ್ರೇಮಿಗಳು, ಪಕ್ಕದಲ್ಲಿ ಸಾವು: ನಿನ್ನ ಪ್ರೀತಿಯೇ ನನ್ನನ್ನು ಕೊಂದಿತು ಎಂದು ಅಮ್ಮ ಹೇಳಿ ಹೋಗಿದ್ದಾಳೆ. ಹುಡುಗಿ ಉಂಗುರವನ್ನು ಹಿಂದಕ್ಕೆ ಕಳಿಸಿ ಮದುವೆ ಮುರಿದುಕೊಂಡಿದ್ದಳು. ಅಮ್ಮ ನಿಜವಾಗಿ ಹಾಗೆ ಹೇಳಿದಳೇ, ಇಲ್ಲವೇ? ಅವಳಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ. ಅದಕ್ಕಾಗಿಯೇ ಅತ್ತಿಗೆಯ ಹತ್ತಿರ ಬಂದಿದ್ದಳು.

ಕನ್ನಡಕದವನನ್ನೂ ಅತ್ತಿಗೆ ಕರೆಸಿದ್ದರು. ಆತ ಹೊರಕೋಣೆಯ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದ. ಹುಡುಗಿ ಅವನ ಮುಂದೆಯೇ ಒಳಗೆ ಬಂದರೂ ಕತ್ತು ತಿರುಗಿಸಿರಲಿಲ್ಲ. ಪಾಪ, ಚೆನ್ನಾಗಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ನನಗೆ ಅವನ ಮೇಲೆ ಕನಿಕರ ಹುಟ್ಟಿತು.

ಅತ್ತಿಗೆ ಚೀಲದಿಂದ ಪೊಲೀಸರು ತೆಗೆದ ಫೋಟೋ ಹೊರತೆಗೆದರು. ಕೇಸು ಮುಚ್ಚುವ ಆತುರದಲ್ಲಿ ಇನ್‌ಸ್ಪೆಕ್ಟರ್ ಕಾರ್ಡಿನ ಕಟ್ಟನ್ನು ಮನೆಗೇ ವಾಪಸ್ ಕೊಟ್ಟಿದ್ದರು. ಅತ್ತಿಗೆ ಅದರಿಂದ ಎರಡು ಕಾರ್ಡು ಹುಡುಕಿ, ಫೋಟೋ ನೋಡಿ ನೋಡಿ, ಅಲ್ಲಿದ್ದ ಹಾಗೆಯೇ ಹಸಿರು ಬಟ್ಟೆಯ ಮೇಲೆ ಇಟ್ಟರು. ನಾನು ಅವರ ಭುಜದ ಮೇಲಿಂದ ಬಗ್ಗಿದೆ.

ಅಂಗಡಿಯಲ್ಲಿ ಸಿಗುವ ಕಾರ್ಡಲ್ಲ ಅವು. ಕಾರ್ಡಮ್ಮನ ಗಂಡ ಚಿತ್ರಗಾರ. ಸಾಯುವ ಮುಂಚೆ ಇಡೀ ಕಟ್ಟನ್ನು ಕೈಯಾರೆ ಬರೆದುಕೊಟ್ಟಿದ್ದ. ಗೋಡೆಯ ಮೇಲೂ ಅವನ ಒಂದು ಚಿತ್ರವಿತ್ತು. ಅದಕ್ಕೆ ಹಾಕಿದ ಮರದ ಚೌಕಟ್ಟು ಮೂಲೆಯಲ್ಲಿ ಬಾಯಿ ಬಿಟ್ಟಿತ್ತು. ಯಾವ ಪುಣ್ಯಾತ್ಮ ಹಾಕಿದನೋ. ಒಳ್ಳೆಯ ಚಿತ್ರಕ್ಕೆ ಹಾಗೆ ಮಾಡಿದವನನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಪ್ರೇಮಿಗಳ ಕಾರ್ಡಿನಲ್ಲಿ ಒಂದು ಗಂಡು, ಒಂದು ಹೆಣ್ಣು, ಮೈಮೇಲೆ ಬಟ್ಟೆಯಿಲ್ಲ. ಮೇಲೆ ರೆಕ್ಕೆ ಬಿಚ್ಚಿದ ಒಂದು ಆಕೃತಿ, ಅದರ ಹಿಂದೆ ಸೂರ್ಯ. ಸಾವಿನ ಕಾರ್ಡಿನಲ್ಲಿ ಬಿಳಿ ಕುದುರೆಯ ಮೇಲೆ ಎಲುಬಿನ ಸವಾರ. ನೆಲದಲ್ಲಿ ಕಿರೀಟ ಬಿದ್ದುಹೋದ ಒಬ್ಬ ರಾಜ, ಮುಖ ಆಚೆ ತಿರುಗಿಸಿ ಮಂಡಿಯೂರಿದ ಒಬ್ಬ ಹೆಂಗಸು, ಸವಾರನಿಗೆ ಹೂವು ಚಾಚುತ್ತಿರುವ ಒಂದು ಮಗು. ದೂರದಲ್ಲಿ ಎರಡು ಕಂಬಗಳ ನಡುವೆ ಸೂರ್ಯ. ಎರಡೂ ಕಡೆ ಅದೇ ಹಳದಿ, ಅಂಚಿಗೆ ಅದೇ ಕೆಂಪು. ಅದು ಹುಟ್ಟುವ ಸೂರ್ಯನೋ ಮುಳುಗುವ ಸೂರ್ಯನೋ ನನಗೆ ತಿಳಿಯಲಿಲ್ಲ.

“ಒಂದೇ ಕುಂಚ, ಒಂದೇ ಬಣ್ಣ,” ಎಂದೆ. “ಎರಡನ್ನೂ ಜೊತೆಯಾಗಿ ಬರೆದಿದ್ದಾನೆ.”

ಎದುರು ಕೂತಿದ್ದ ಹುಡುಗಿ ಕಾರ್ಡುಗಳನ್ನೇ ನೋಡುತ್ತಿದ್ದಳು. ಅವಳ ಹುಬ್ಬು ಗಂಟಾಯಿತು.

“ಇದು ತಲೆಕೆಳಗಿದೆ.”

“ಯಾವುದು?” ಎಂದರು ಅತ್ತಿಗೆ.

“ಎರಡೂ. ನನಗೆ ತಲೆಕೆಳಗೆ ಕಾಣ್ತಿವೆ. ಅಮ್ಮ ಯಾವತ್ತೂ ಹೀಗೆ ಇಡ್ತಿರಲಿಲ್ಲ. ಬಂದೋರಿಗೆ ನೆಟ್ಟಗೆ ಕಾಣೋ ಹಾಗೆ ಇಟ್ಟು, ತಾನು ತಲೆಕೆಳಗಾಗೇ ಓದ್ತಿದ್ದಳು. ಕಾರ್ಡು ಬಂದೋರದ್ದು, ಅವರ ಕಣ್ಣಿಗೆ ಸರಿಯಾಗಿರ್ಬೇಕು ಅಂತಿದ್ದಳು.”

ಅತ್ತಿಗೆ ಫೋಟೋವನ್ನು ಅವಳ ಕಡೆ ತಳ್ಳಿದರು. “ಇದನ್ನ ನೀನು ಮೊದಲೇ ನೋಡಿದ್ದೆ.”

“ನೋಡಿದ್ದೆ. ಬಾಗಿಲ ಕಡೆಯಿಂದ ತೆಗೆದದ್ದು, ಗಮನಕ್ಕೆ ಬರಲಿಲ್ಲ. ಈಗ ಈ ಕುರ್ಚೀಲಿ ಕೂತಾಗ...”

“ತನಗೇ ಕಾರ್ಡು ಹಾಕ್ಕೊಂಡಿದ್ರೆ?”

“ತನಗೆ ಹಾಕ್ಕೊಳ್ತಾನೇ ಇರಲಿಲ್ಲ. ಕ್ಷೌರದವನು ತನ್ನ ತಲೆ ತಾನೇ ಕತ್ತರಿಸ್ಕೊಳ್ತಾನಾ ಅಂತ ನಗ್ತಿದ್ದಳು.”

ನನ್ನ ಮಂದ ತಲೆಗೂ ಈಗ ಹೊಳೆಯಿತು. ಆ ದಿನ ಕಾರ್ಡುಗಳು ನೆಟ್ಟಗೆ ಕಂಡದ್ದು ಕಾರ್ಡಮ್ಮನಿಗೆ. ಎಂದರೆ ಭವಿಷ್ಯ ಕೇಳಿದವಳು ಅವಳು. ಹೇಳಿದವರು ಆ ಕಡೆ ಕೂತಿದ್ದರು, ಹುಡುಗಿ ಈಗ ಕೂತಿರುವ ಕುರ್ಚಿಯಲ್ಲಿ.

ಹುಡುಗಿಗೂ ಹೊಳೆದಿರಬೇಕು. ತಟ್ಟನೆ ಎದ್ದು ನಿಂತಳು. “ಅಂದ್ರೆ ಇದನ್ನ ಇಟ್ಟಿದ್ದು ಅಮ್ಮ ಅಲ್ಲ.”

“ಅಲ್ಲ ಕಣಮ್ಮ.”

“ನನಗೆ ಅಂತ ಇಟ್ಟು ಹೋಗಿದ್ದಲ್ಲ.”

“ಅಲ್ಲ.”

ಅವಳು ಗೋಡೆಗೆ ಒರಗಿ ಸದ್ದಿಲ್ಲದೆ ಅತ್ತಳು. ವಾರದಿಂದ ಎದೆಯ ಮೇಲೆ ಹೊತ್ತಿದ್ದ ಕಲ್ಲನ್ನು ಇಳಿಸಿದವಳ ಅಳು ಅದು. ಅತ್ತಿಗೆ ಅವಳನ್ನು ಸಮಾಧಾನ ಮಾಡಲು ಹೋಗಲಿಲ್ಲ.

ಆಗ ಬಂದದ್ದು ಚಿಕ್ಕಮ್ಮ. ಸತ್ತವಳ ತಂಗಿ, ಮದುವೆಯಾಗದೆ ಅಕ್ಕನ ಮನೆಯಲ್ಲೇ ಇದ್ದವಳು. ತೆಳ್ಳಗಿನ ಹೆಂಗಸು, ನಡೆದರೆ ಹೆಜ್ಜೆ ಸಪ್ಪಳ ಕೇಳುವುದಿಲ್ಲ. ಊಟವಾದ ಮೇಲೆ ಹಿಂದಿನ ಕೋಣೆಯಲ್ಲಿ ಮಲಗಿದ್ದೆ, ಏನೂ ಗೊತ್ತಾಗಲಿಲ್ಲ, ಆ ಕಾರ್ಡುಗಳನ್ನು ನಾನು ಮುಟ್ಟುವುದೂ ಇಲ್ಲ ಎಂದು ಪೊಲೀಸರಿಗೆ ಹೇಳಿದ್ದಳು. ಈಗ ಚಹಾದ ಟ್ರೇ ಹಿಡಿದಿದ್ದಳು. ಮೇಜಿನ ಮೇಲೆ ಜಾಗ ಇರಲಿಲ್ಲ.

ಟ್ರೇಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಆ ಎರಡು ಕಾರ್ಡು ಎತ್ತಿದಳು. ಒಂದರ ಮುಖಕ್ಕೆ ಇನ್ನೊಂದರ ಮುಖ ಸೇರಿಸಿದಳು. ಹೆಬ್ಬೆರಳಿನಿಂದ ಕಟ್ಟನ್ನು ನಡುವೆ ಸೀಳಿ ಎರಡನ್ನೂ ಒಳಗೆ ಸೇರಿಸಿ ಪಕ್ಕಕ್ಕಿಟ್ಟಳು. ಆಮೇಲೆ ಟ್ರೇ ಇಳಿಸಿದಳು. ಎಲ್ಲ ಎಷ್ಟು ಸಲೀಸಾಗಿ ನಡೆಯಿತೆಂದರೆ ನಾನು ಕಪ್ಪಿಗೆ ಕೈ ಚಾಚಿದೆನೇ ಹೊರತು ಬೇರೇನೂ ನೋಡಲಿಲ್ಲ.

ಅತ್ತಿಗೆ ನೋಡಿದ್ದರು.

“ನೀವು ಕಾರ್ಡು ಮುಟ್ಟಲ್ಲ ಅಂದಿದ್ರಿ,” ಎಂದರು, ಚಹಾಕ್ಕೆ ಥ್ಯಾಂಕ್ಸ್ ಹೇಳುವ ದನಿಯಲ್ಲಿ.

“ಜಾಗ ಬೇಕಿತ್ತು, ತೆಗೆದಿಟ್ಟೆ.”

“ಎರಡನ್ನ ಮಾತ್ರ ಮುಖಕ್ಕೆ ಮುಖ ಇಟ್ರಿ. ಮಿಕ್ಕಿದ್ದೆಲ್ಲ ಒಂದೇ ಕಡೆ ನೋಡ್ತಿವೆ.” ಅತ್ತಿಗೆ ಹುಡುಗಿಯ ಕಡೆ ತಿರುಗಿದರು. “ನೀನು ಹೀಗೆ ಇಡ್ತೀಯಾ?”

“ನಾನು ಹೇಗ್ ಬೇಕೋ ಹಾಗೆ ತುರುಕ್ತೀನಿ. ಅಮ್ಮ ಬೈತಿದ್ದಳು. ಹೀಗಿಡ್ಬೇಕು ಅಂತ ನನಗೆ ಗೊತ್ತೇ ಇಲ್ಲ.”

ಚಿಕ್ಕಮ್ಮ ನಿಂತೇ ಇದ್ದಳು. ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸಬಹುದಿತ್ತು, ಅವಳು ಜೋಡಿಸಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು.

“ಅಕ್ಕ ಹೇಳ್ಕೊಟ್ಟಿದ್ದು,” ಎಂದಳು. “ಇವೆರಡೂ ಅವಳಿ, ಒಂದನ್ನ ಬಿಟ್ಟು ಇನ್ನೊಂದನ್ನ ಮಲಗಿಸಬಾರದು ಅಂತಿದ್ದಳು.”

“ಪ್ರೀತಿ, ಸಾವು ಅವಳಿ?” ನನ್ನ ಬಾಯಿ ಸುಮ್ಮನಿರಲಿಲ್ಲ.

“ನೀವೇ ನೋಡಿ. ಪ್ರೀತೀಲಿ ಮೈಮೇಲಿನ ಬಟ್ಟೆ ಹೋಗುತ್ತೆ. ಸಾವಿನಲ್ಲಿ ಮೈಯೇ ಹೋಗುತ್ತೆ. ಎರಡೂ ಹೇಳಿ ಕೇಳಿ ಬರಲ್ಲ. ಬಂದ್ಮೇಲೆ ರಾಜ ಅಂತಲೂ ನೋಡಲ್ಲ, ಆಳು ಅಂತಲೂ ನೋಡಲ್ಲ. ಅವು ಬರೋಕೆ ಮುಂಚೆ ಇದ್ದ ಮನುಷ್ಯ ಆಮೇಲೆ ಇರಲ್ಲ.” ಅವಳು ಕಟ್ಟಿನ ಮೇಲೆ ಬೆರಳಿಟ್ಟಳು. “ಬಂದೋರೆಲ್ಲ ಸಾವಿನ ಕಾರ್ಡಿಗೆ ಹೆದರೋರು. ಅದು ಬಂದ್ರೆ ಯಾರೂ ಸಾಯಲ್ಲ, ಹಳೇದು ಮುಗೀತು ಅಂತ ಅರ್ಥ, ಅಷ್ಟೆ. ಅಕ್ಕ ಹೆದರ್ತಿದ್ದಿದ್ದು ಪ್ರೇಮಿಗಳಿಗೆ.”

“ಯಾಕೆ?”

ಚಿಕ್ಕಮ್ಮ ಕಪ್ಪುಗಳನ್ನು ಸಾಲಾಗಿ ಜೋಡಿಸತೊಡಗಿದಳು. ಅತ್ತಿಗೆ ಕಟ್ಟಿನಿಂದ ಎರಡೂ ಕಾರ್ಡು ಮತ್ತೆ ತೆಗೆದು, ಹೊರಕೋಣೆಯ ಕಡೆ ಕತ್ತು ಚಾಚಿದರು. “ಕನ್ನಡಕದವರೇ, ಒಂದು ನಿಮಿಷ ಬನ್ನಿ. ಕಣ್ಣಿನ ಕೆಲಸ ಇದೆ.”

ಅವನು ಬಂದ. ಜೇಬಿನಿಂದ ಬಿಲ್ಲೆಯಂಥ ಭೂತಗನ್ನಡಿ ತೆಗೆದು ಕಣ್ಣಿಗೆ ಒತ್ತಿಕೊಂಡು ಕಾರ್ಡುಗಳ ಮೇಲೆ ಬಗ್ಗಿದ. ಕೆಲಸ ಸಿಕ್ಕಿದ್ದೇ ಅವನ ಮುಜುಗರ ಹೋಯಿತು.

“ಎರಡರಲ್ಲೂ ಹೆಂಗಸು ಎದುರಿಗಿರೋರನ್ನ ನೋಡ್ತಿಲ್ಲ,” ಎಂದ. “ಇಲ್ಲಿ ಗಂಡಸು ಇವಳನ್ನ ನೋಡ್ತಿದ್ದಾನೆ, ಇವಳು ಮೇಲೆ ನೋಡ್ತಿದ್ದಾಳೆ. ಅಲ್ಲಿ ಸವಾರ ಬಂದಿದ್ದಾನೆ, ಅವಳು ಮುಖ ತಿರುಗಿಸಿದ್ದಾಳೆ. ಮಗು ಒಂದೇ ನೇರವಾಗಿ ನೋಡೋದು.”

“ಇಬ್ಬರೂ ಒಬ್ಬಳೇನಾ?”

“ಅಲ್ಲ. ಇದು ತೀರಿಹೋದ ಅತ್ತೆ, ಆ ಗಲ್ಲ ನೋಡಿದ್ರೆ ಗೊತ್ತಾಗುತ್ತೆ.” ಸಾವಿನ ಕಾರ್ಡನ್ನು ತೋರಿಸಿದ. “ಪ್ರೇಮಿಗಳ ಕಾರ್ಡಿನಲ್ಲಿರೋಳು ಬೇರೆ. ಇವಳ ಎಡಗಣ್ಣಿನ ರೆಪ್ಪೆ ಸ್ವಲ್ಪ ಇಳಿದಿದೆ. ಹುಟ್ಟಿನಿಂದ ಹಾಗಿರುತ್ತೆ ಕೆಲವರಿಗೆ...”

ಅವನು ತಲೆಯೆತ್ತಿದ, ಚಿಕ್ಕಮ್ಮನ ಮುಖ ನೋಡಿದ, ಅಲ್ಲಿಗೇ ನಿಲ್ಲಿಸಿದ. ನಾವೆಲ್ಲರೂ ನೋಡಿದೆವು. ಅವಳ ಎಡರೆಪ್ಪೆ ಯಾವಾಗಲೂ ಅರ್ಧ ನಿದ್ದೆಯಲ್ಲಿರುವ ಹಾಗೆ ಇಳಿದಿತ್ತು.

“ಭಾವ ಬರೆಯೋವಾಗ ನಾನು ಎದುರಿಗೆ ನಿಂತಿದ್ದೆ,” ಎಂದಳು ಚಿಕ್ಕಮ್ಮ. ದನಿ ಒಂದಿಷ್ಟೂ ನಡುಗಲಿಲ್ಲ. “ಆಮೇಲೆ ಬರೀ ನಿಲ್ಲೋದರಲ್ಲಿ ಮುಗೀಲಿಲ್ಲ. ಅಕ್ಕನಿಗೆ ಗೊತ್ತಾಯ್ತು. ಮನೆಯಿಂದ ಹೊರಗೆ ಹಾಕಬಹುದಿತ್ತು, ಹಾಕಲಿಲ್ಲ. ಅವನು ಹೋದ ಮೇಲೂ ಹಾಕಲಿಲ್ಲ. ಇದೇ ಕಾರ್ಡು ಹಿಡ್ಕೊಂಡೇ ಜೀವನ ಮಾಡಿದಳು, ನನ್ನ ಮುಖ ದಿನಾ ಕೈಯಲ್ಲಿ ಹಿಡ್ಕೊಂಡು.”

ಹುಡುಗಿ ಬಗ್ಗಿ ಪ್ರೇಮಿಗಳ ಕಾರ್ಡನ್ನು ನೋಡಿದಳು. ಅತ್ತಿಗೆ ಚಿಕ್ಕಮ್ಮನ ಕಡೆ ತಿರುಗಿದರು.

“ಆ ದಿನ ಎದುರಿನ ಕುರ್ಚೀಲಿ ಕೂತು ಕಾರ್ಡು ಹಾಕಿದ್ದು ನೀವು.”

“ನಾನೇ. ಅವಳಿಗೆ ಯಾವಾಗ ಬೇಕಾದ್ರೂ ನಾನೇ ಹಾಕ್ತಿದ್ದೆ. ಮದುವೆಗೆ ಮುಂಚೆ ಹುಡುಗಿಗೆ ಒಂದು ಹಳೇ ವಿಷಯ ಹೇಳ್ಬೇಕು ಅಂತ ಅವಳಿಗೆ ಹಠ. ಬೇಡ ಅಂತ ನನ್ನ ಹಠ. ಕಾರ್ಡು ಕೇಳೋಣ ಅಂದಳು. ಮೊದಲು ಪ್ರೇಮಿಗಳು ಬಂತು. ಅವಳ ಮುಖ ಸಣ್ಣಗಾಯ್ತು. ಆಮೇಲೆ ಸಾವು ಬಂತು. ಜೋರಾಗಿ ನಕ್ಕಳು. ‘ಮುಗೀತು ಬಿಡೇ, ನಮ್ಮಿಬ್ಬರ ಹಳೇ ಲೆಕ್ಕ ಎಲ್ಲ ಮುಗೀತು. ಸಂಜೆ ಅವಳಿಗೆ ಹೇಳ್ಬಿಡ್ತೀನಿ, ಮದುವೆ ಚೆನ್ನಾಗಿ ಮಾಡೋಣ’ ಅಂದಳು.”

“ಹಾಗಂದಳಾ?” ಎಂದಳು ಹುಡುಗಿ. “ಮದುವೆ ಚೆನ್ನಾಗಿ ಮಾಡೋಣ ಅಂದಳಾ? ನನ್ನ ಹತ್ರ ತಡಿ ತಡಿ ಅಂತಾನೇ ಇದ್ದಳು.”

“ತಡಿ ಅಂದಿದ್ದು ಆ ವಿಷಯ ಹೇಳೋವರೆಗೆ, ಅಷ್ಟೆ. ಹುಡುಗ ಅವಳಿಗೆ ಇಷ್ಟ ಆಗಿದ್ದ. ಒಪ್ಪದೇ ಇದ್ದೋಳು ನಾನು.”

ಹುಡುಗಿ ಎರಡು ಹೆಜ್ಜೆ ಇಟ್ಟು ಕನ್ನಡಕದವನ ಪಕ್ಕಕ್ಕೆ ಬಂದಳು. ಅವನ ಅಂಗಿಯ ತೋಳು ಹಿಡಿದುಕೊಂಡಳು. ಚೆನ್ನಾಗಿ ಇಸ್ತ್ರಿ ಮಾಡಿದ್ದ ತೋಳು ಮುದುರಿತು. ನನಗೆ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು. ಕೇಳಬೇಕಾದ್ದನ್ನು ಹುಡುಗಿ ಕೇಳಿಯಾಗಿತ್ತು, ಉತ್ತರವೂ ಸಿಕ್ಕಿತ್ತು. ಕಥೆ ಅಲ್ಲಿಗೆ ನಿಂತಿದ್ದರೆ ಯಾರ ಗಂಟು ಹೋಗುತ್ತಿತ್ತು?

ಆದರೆ ಅತ್ತಿಗೆ ಚೀಲದ ಜಿಪ್ಪು ಎಳೆಯಲಿಲ್ಲ. ಅವರು ಹೊರಡುವ ಮುಂಚೆ ಜಿಪ್ಪು ಎಳೆಯುತ್ತಾರೆ.

“ನಿಮ್ಮಮ್ಮ ಚಹಾಕ್ಕೆ ಸಕ್ಕರೆ ಹಾಕ್ಕೊಳ್ತಿದ್ರೇನಮ್ಮ?”

“ಇಲ್ಲ. ಅವಳಿಗೆ ಸಕ್ಕರೆ ಕಾಯಿಲೆ. ಅವಳ ಜೊತೆ ನಾನೂ ಬಿಟ್ಟೆ.”

“ಲ್ಯಾಬಿನವರ ಹತ್ರ ಮಾತಾಡ್ದೆ. ಮಾತ್ರೆ ಬೆರೆತಿದ್ದ ಚಹಾ ಪಾನಕದ ಹಾಗೆ ಸಿಹಿಯಾಗಿತ್ತಂತೆ. ಮಾತ್ರೆ ಕಹಿ, ಅಷ್ಟು ಸಿಹಿ ಇಲ್ಲದೆ ಗಂಟಲಲ್ಲಿ ಇಳೀತಿರಲಿಲ್ಲ. ಈ ಮನೇಲಿ ಅಷ್ಟು ಸಕ್ಕರೆ ಯಾರಿಗೆ ಬೇಕು?”

ನಾನು ನನ್ನ ಕಪ್ಪನ್ನು ಮೆಲ್ಲಗೆ ಟ್ರೇಗೆ ವಾಪಸ್ ಇಟ್ಟೆ. ಅರ್ಧ ಆಗಲೇ ಒಳಗೆ ಹೋಗಿತ್ತು.

“ನನಗೆ,” ಎಂದಳು ಚಿಕ್ಕಮ್ಮ. “ಅದು ನನ್ನ ಕಪ್ಪು. ಕಾರ್ಡು ಹಾಕೋಕೆ ಕೂತವಳು ನಾನು ಇನ್ನೂ ಮುಟ್ಟಿರಲಿಲ್ಲ. ‘ಇವತ್ತೊಂದು ದಿನ ಸಿಹಿ ಕುಡೀತೀನಿ ಕಣೇ’ ಅಂತ ಅಕ್ಕ ಎಳ್ಕೊಂಡಳು. ತನ್ನದನ್ನ ನನ್ನ ಕಡೆ ತಳ್ಳಿದಳು. ಏನೋ ಕಹಿ ಅಂದಳು, ಇಷ್ಟು ವರ್ಷ ಸಿಹಿ ಬಿಟ್ಟು ನಾಲಿಗೆ ಕೆಟ್ಟಿದೆ ಅಂತ ತಾನೇ ನಕ್ಕಳು. ಆಮೇಲೆ ಕಣ್ಣು ಎಳೀತಿದೆ ಅಂದಳು. ಮಲಗಲಿ ಅಂತ ಬಿಟ್ಟು ಹೋದೆ. ತಿರುಗಿ ಬಂದು ಮುಟ್ಟಿ ನೋಡಿದಾಗ ಏನೂ ಉಳಿದಿರಲಿಲ್ಲ. ನಾನು ಕುಡಿದ ಕಪ್ಪು ತೊಳೆದು ಒಳಗಿಟ್ಟೆ. ಕಾರ್ಡು ಮುಟ್ಟೋಕೆ ಕೈ ಬರಲಿಲ್ಲ.”

ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು.

“ಅಂದ್ರೆ ಸಾಯ್ಬೇಕಾಗಿದ್ದು ನೀವು,” ಎಂದರು ಅತ್ತಿಗೆ. “ಅದು ಆಗಲೇ ನಿಮಗೆ ಅರ್ಥ ಆಗಿದೆ. ಆದ್ರೂ ಪೊಲೀಸರಿಗೆ ಹೇಳಲಿಲ್ಲ. ಅಕ್ಕ ತಾನೇ ಸತ್ತಳು ಅಂತ ಊರೆಲ್ಲ ಹೇಳ್ಲಿ ಅಂತ ಬಿಟ್ರಿ. ಈ ಹುಡುಗಿ ವಾರದಿಂದ ನರಳೋದನ್ನ ನೋಡಿಯೂ ಸುಮ್ಮನಿದ್ರಿ. ಯಾರನ್ನ ಕಾಪಾಡ್ತಿದ್ದೀರಿ?”

ಚಿಕ್ಕಮ್ಮ ಮೊದಲ ಸಲ ಕಣ್ಣೊರೆಸಿಕೊಂಡಳು.

“ಆ ಹಳೇ ವಿಷಯ ಅಂದ್ನಲ್ಲ, ಹುಡುಗಿಗೆ ಹೇಳ್ಬೇಕಾಗಿದ್ದು. ಅಕ್ಕ ಸಾಕಿದಳು, ಆದ್ರೆ ಹೆತ್ತಿದ್ದು ನಾನು.” ಅವಳು ಹುಡುಗಿಯ ಕಡೆ ನೋಡಲಿಲ್ಲ. “ಅವತ್ತು ಚಹಾ ಮಾಡಿ ಎರಡು ಕಪ್ಪು ತಂದಿಟ್ಟು ಹೋದವಳು ಇವಳೇ. ಮದುವೆಗೆ ಅಡ್ಡ ಬಂದೋಳು ನಾನು, ಅದು ಇವಳಿಗೂ ಗೊತ್ತಿತ್ತು. ಯಾವ ಬಾಯಲ್ಲಿ ಪೊಲೀಸರಿಗೆ ಹೇಳ್ಲಿ? ನನ್ನನ್ನ ಕೊಲ್ಲೋಕೆ ಹೋಗಿ ಇನ್ನೊಬ್ಬ ಅಮ್ಮನ್ನ ಕೊಂದಳು ಅಂತ ಹೇಳ್ಲಾ?”

ಹುಡುಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಕನ್ನಡಕದವನ ತೋಳನ್ನು ಇನ್ನೂ ಹಿಡಿದುಕೊಂಡಿದ್ದಳು.

“ಚಹಾ ಮಾಡೋವಾಗ ಅಡುಗೆಮನೇಲಿ ಇವಳೊಬ್ಬಳೇ ಇದ್ದಳಾ?” ಎಂದು ಕೇಳಿದರು ಅತ್ತಿಗೆ.

“ಇವಳು, ಈ ಹುಡುಗ, ಇಬ್ಬರೂ ಇದ್ರು,” ಎಂದಳು ಚಿಕ್ಕಮ್ಮ. “ನಗೋದು ಕೇಳಿಸ್ತಿತ್ತು. ಆಮೇಲೆ ಜೊತೆಗೇ ಹೊರಗೆ ಹೋದ್ರು.”

“ಮಗಳೇ, ಕಪ್ಪಿಗೆ ಸಕ್ಕರೆ ಹಾಕಿದ್ದು ಯಾರು?”

ಸುಲಭದ ಪ್ರಶ್ನೆ. ಮಗುವೂ ಉತ್ತರ ಕೊಡಬಹುದಾದ ಪ್ರಶ್ನೆ. ಹುಡುಗಿ ಕತ್ತು ತಿರುಗಿಸಿ ತನ್ನ ಪಕ್ಕದಲ್ಲಿದ್ದವನ ಮುಖ ನೋಡಿದಳು. ಆ ಮಧ್ಯಾಹ್ನದ ಅಡುಗೆಮನೆಯನ್ನೆಲ್ಲ ಅವಳು ಅಲ್ಲಿ ಮತ್ತೆ ಹುಡುಕುತ್ತಿದ್ದಳು. ಅವನು ನೆಲ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿತು. ಅವಳಿಗೆ ನೆನಪಾಯಿತು ಎಂದು ನನಗೆ ಗೊತ್ತಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅವಳು ಅತ್ತಿಗೆಯ ಕಡೆ ತಿರುಗಿದಳು.

“ನಾನೇ ಹಾಕಿದ್ದು,” ಎಂದಳು. “ಬೇರೆ ಯಾರೂ ಮುಟ್ಟಲಿಲ್ಲ.”

ಅತ್ತಿಗೆ ಕಾದರು. ನಾನೂ ಕಾದೆ. ಒಂದು ಮಾತು, ಬರೀ ಒಂದು ‘ಅಲ್ಲ’ ಅವನ ಬಾಯಿಂದ ಬರಬೇಕಾಗಿತ್ತು.

ಅವನು ತನ್ನ ತೋಳಿನ ಮೇಲಿದ್ದ ಅವಳ ಬೆರಳುಗಳನ್ನು ಮೆಲ್ಲಗೆ, ಒಂದೊಂದಾಗಿ ಬಿಡಿಸಿದ.